ರಾಗಿ ಎಲೆಯೊಳಗಿನ ಎರಡು ಕೋಣೆ

ಮಖೆ ಮಳೆ ಕೈಕೊಟ್ಟ ವರ್ಷಗಳಲ್ಲಿ ದೇವನಹಳ್ಳಿಯಿಂದ ವಿಜಯಪುರದ ಕಡೆಗೆ ಮಧ್ಯಾಹ್ನದ ಹೊತ್ತು ಹೊರಟರೆ ಒಂದು ದೃಶ್ಯ ಕಣ್ಣಿಗೆ ಬೀಳುತ್ತದೆ. ರಸ್ತೆಯ ಎರಡೂ ಬದಿಯ ಕೆಂಪು ಮಣ್ಣಿನ ಹೊಲಗಳಲ್ಲಿ ರಾಗಿ ಪೈರು ಬಿಸಿಲಿಗೆ ಎಲೆ ಸುರುಳಿ ಮಾಡಿಕೊಂಡು ನಿಂತಿರುತ್ತದೆ. ಸಂಜೆ ತಂಪಾಗುತ್ತಲೇ ಎಲೆ ಬಿಚ್ಚಿಕೊಳ್ಳುತ್ತದೆ. ಹದಿನೈದು ದಿನ ಮಳೆ ತಡವಾದರೂ ರೈತ ಪೂರ್ತಿ ಆಸೆ ಬಿಡುವುದಿಲ್ಲ. ಒಂದು ಹದ ಮಳೆ ಬಿದ್ದರೆ ಪೈರು ಮತ್ತೆ ಹಸಿರಾಗುತ್ತದೆಂದು ಅವನಿಗೆ ಗೊತ್ತು. ಅದೇ ಊರಿನ ಕೆರೆ ಕೆಳಗಿನ ಗದ್ದೆಯಲ್ಲಿ ಭತ್ತ ನಾಟಿ ಮಾಡಿದವನಿಗೆ ಈ ಧೈರ್ಯವಿಲ್ಲ. ತೂಬಿನ ನೀರು ನಿಂತರೆ ಅವನ ಕಥೆ ಮುಗಿದಂತೆ.

ರಾಗಿಯೂ ಹುಲ್ಲಿನ ಜಾತಿ, ಭತ್ತವೂ ಹುಲ್ಲಿನ ಜಾತಿ. ಸಸ್ಯಶಾಸ್ತ್ರದಲ್ಲಿ ಎರಡೂ ಒಂದೇ ಕುಟುಂಬದ ಮಕ್ಕಳು. ಹಾಗಿದ್ದ ಮೇಲೆ ಈ ವ್ಯತ್ಯಾಸ ಏಕೆ? ಬೇರು, ಕಾಂಡ, ಮಣ್ಣು ಎಲ್ಲಕ್ಕೂ ಇದರಲ್ಲಿ ಪಾಲಿದೆ. ಆದರೆ ಒಂದು ಮುಖ್ಯ ಕಾರಣ ಎಲೆಯ ಒಳಗೇ ಇದೆ. ಸೂರ್ಯನ ಬೆಳಕಿನಲ್ಲಿ ಆಹಾರ ತಯಾರಿಸುವ ಕೆಲಸವನ್ನು ಈ ಎರಡು ಹುಲ್ಲುಗಳು ಎರಡು ಬೇರೆ ಬೇರೆ ರೀತಿಯಲ್ಲಿ ಮಾಡುತ್ತವೆ. ಭತ್ತದ ರೀತಿ ಬಹಳ ಹಳೆಯದು. ರಾಗಿಯ ರೀತಿ ಅದಕ್ಕಿಂತ ಹೊಸದು. ಹೊಸದೆಂದರೆ ನಮ್ಮ ಲೆಕ್ಕದ ಹೊಸದಲ್ಲ, ಸುಮಾರು 3 ಕೋಟಿ ವರ್ಷದ್ದು.

ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ರಾಗಿಗೂ ಭತ್ತಕ್ಕೂ ಜಗಳ ಹಚ್ಚಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಕೊನೆಗೆ ಕೆಡದೆ ಉಳಿದ ರಾಗಿಯನ್ನು ಗೆಲ್ಲಿಸಿದ ಕಥೆ ಕನ್ನಡ ಓದುವ ಮಕ್ಕಳಿಗೆ ಗೊತ್ತಿದೆ. ಅಲ್ಲಿ ನಡೆದದ್ದು ಕಾಳಿನ ಪರೀಕ್ಷೆ. ಇಲ್ಲಿ ಎಲೆಯ ಪರೀಕ್ಷೆ ಮಾಡಿ ನೋಡೋಣ.

ಒಂದು ಹಳೆಯ ಕಿಣ್ವದ ದೌರ್ಬಲ್ಯ

ಹಸಿರೆಲೆ ಗಾಳಿಯಿಂದ ಇಂಗಾಲದ ಡೈ ಆಕ್ಸೈಡನ್ನೂ ಬೇರಿನಿಂದ ನೀರನ್ನೂ ತೆಗೆದುಕೊಂಡು ಬೆಳಕಿನ ಶಕ್ತಿಯಿಂದ ಸಕ್ಕರೆ ತಯಾರಿಸುತ್ತದೆ, ಆಮ್ಲಜನಕವನ್ನು ಹೊರಬಿಡುತ್ತದೆ ಎಂಬುದು ಏಳನೇ ತರಗತಿಯ ಪಾಠ. ಇದೇ ದ್ಯುತಿಸಂಶ್ಲೇಷಣೆ. ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವ ಕಿಣ್ವದ ಹೆಸರು ರುಬಿಸ್ಕೋ. ಭೂಮಿಯ ಮೇಲೆ ಅತಿ ಹೆಚ್ಚು ಪ್ರಮಾಣದಲ್ಲಿರುವ ಪ್ರೋಟೀನುಗಳಲ್ಲಿ ಇದೂ ಒಂದು. ನಾವು ತಿನ್ನುವ ಅನ್ನ, ಮುದ್ದೆ, ಸೊಪ್ಪು, ಹಸು ತಿನ್ನುವ ಮೇವು, ಒಲೆಯ ಸೌದೆ ಎಲ್ಲದರ ಇಂಗಾಲವೂ ಒಮ್ಮೆ ಈ ಕಿಣ್ವದ ಕೈ ಹಾದು ಬಂದದ್ದೇ.

ಇಷ್ಟು ಮುಖ್ಯವಾದ ಈ ಕಿಣ್ವಕ್ಕೆ ಎರಡು ದೊಡ್ಡ ಕೊರತೆಗಳಿವೆ. ಮೊದಲನೆಯದು ನಿಧಾನ. ಎಷ್ಟೋ ಕಿಣ್ವಗಳು ಸೆಕೆಂಡಿಗೆ ಸಾವಿರಗಟ್ಟಲೆ ಅಣುಗಳ ಕೆಲಸ ಮುಗಿಸಿದರೆ, ರುಬಿಸ್ಕೋ ಮುಗಿಸುವುದು ಮೂರರಿಂದ ಹತ್ತು ಮಾತ್ರ. ಹಾಗಾಗಿ ಗಿಡ ಅದನ್ನು ರಾಶಿಗಟ್ಟಲೆ ತಯಾರಿಸಿ ಇಟ್ಟುಕೊಳ್ಳಬೇಕು. ಅದಕ್ಕೆ ಸಾಕಷ್ಟು ಸಾರಜನಕವೂ ಬೇಕು.

ಎರಡನೆಯ ಕೊರತೆ ಇನ್ನೂ ದೊಡ್ಡದು. ಈ ಕಿಣ್ವಕ್ಕೆ ಇಂಗಾಲದ ಡೈ ಆಕ್ಸೈಡ್ ಯಾವುದು, ಆಮ್ಲಜನಕ ಯಾವುದು ಎಂಬ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಒಮ್ಮೊಮ್ಮೆ ಆಮ್ಲಜನಕವನ್ನೇ ಹಿಡಿದುಬಿಡುತ್ತದೆ. ಆಗ ಹುಟ್ಟುವ ಪದಾರ್ಥ ಗಿಡಕ್ಕೆ ಬೇಡವಾದದ್ದು. ಅದನ್ನು ಸರಿಪಡಿಸಲು ಗಿಡ ಶಕ್ತಿ ಖರ್ಚು ಮಾಡಬೇಕು. ಜೊತೆಗೆ ಕಷ್ಟಪಟ್ಟು ಹಿಡಿದಿದ್ದ ಇಂಗಾಲದಲ್ಲಿ ಒಂದು ಭಾಗವನ್ನು ಮತ್ತೆ ಗಾಳಿಗೆ ಬಿಡಬೇಕು. ಈ ನಷ್ಟಕ್ಕೆ ದ್ಯುತಿಉಸಿರಾಟ ಎನ್ನುತ್ತಾರೆ. ಬಿಸಿ ಹೆಚ್ಚಾದಷ್ಟೂ ನಷ್ಟ ಹೆಚ್ಚು. ಬೇಸಗೆಯ ಬಿಸಿಯಲ್ಲಿ ಭತ್ತದಂಥ ಗಿಡ ತಾನು ಗಳಿಸಿದ್ದರಲ್ಲಿ ಕಾಲು ಭಾಗದಷ್ಟನ್ನು ಹೀಗೆ ಕಳೆದುಕೊಳ್ಳಬಹುದು.

ಇಂಥ ಕಿಣ್ವ ಏಕೆ ಉಳಿದುಬಂತು? ಉತ್ತರ ಇತಿಹಾಸದಲ್ಲಿದೆ. ರುಬಿಸ್ಕೋ ಹುಟ್ಟಿದ್ದು 250 ಕೋಟಿ ವರ್ಷಗಳಿಗೂ ಹಿಂದೆ. ಆಗ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಹೇಳಬಹುದು. ಇಂಗಾಲದ ಡೈ ಆಕ್ಸೈಡ್ ಧಾರಾಳವಾಗಿತ್ತು. ಇಲ್ಲದ ವಸ್ತುವಿನೊಂದಿಗೆ ಗೊಂದಲವಾಗುವ ಪ್ರಶ್ನೆಯೇ ಇರಲಿಲ್ಲ. ಇಂದಿನ ಗಾಳಿಯಲ್ಲಿ ನೂರಕ್ಕೆ 21 ಭಾಗ ಆಮ್ಲಜನಕ. ಇಂಗಾಲದ ಡೈ ಆಕ್ಸೈಡ್ ಹತ್ತು ಸಾವಿರಕ್ಕೆ ನಾಲ್ಕೇ ಭಾಗ. ಕಾಲ ಬದಲಾಯಿತು, ಕಿಣ್ವ ಹೆಚ್ಚು ಬದಲಾಗಲಿಲ್ಲ.

ಕಬ್ಬಿನ ಎಲೆ ಬಿಟ್ಟುಕೊಟ್ಟ ಗುಟ್ಟು

ಅಮೆರಿಕದ ಮೆಲ್ವಿನ್ ಕ್ಯಾಲ್ವಿನ್, ಆಂಡ್ರೂ ಬೆನ್ಸನ್, ಜೇಮ್ಸ್ ಬಾಶಮ್ ಮತ್ತು ಸಂಗಡಿಗರು ಪಾಚಿಗೆ ವಿಕಿರಣಶೀಲ ಇಂಗಾಲ ಉಣಿಸಿ, ಅದು ಮೊದಲು ಯಾವ ಪದಾರ್ಥದಲ್ಲಿ ಕಾಣಿಸಿಕೊಳ್ಳುತ್ತದೆಂದು ಪತ್ತೆ ಹಚ್ಚಿದರು. ಅದು ಮೂರು ಇಂಗಾಲದ ಪರಮಾಣುಗಳಿರುವ ಒಂದು ಆಮ್ಲ. ಈ ಕೆಲಸಕ್ಕಾಗಿ ಕ್ಯಾಲ್ವಿನ್ನರಿಗೆ 1961ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಎಲ್ಲ ಗಿಡಗಳೂ ಹೀಗೇ ಎಂದು ಜಗತ್ತು ನಂಬಿತು.

ಆದರೆ ಹವಾಯಿ ದ್ವೀಪದ ಕಬ್ಬು ಬೆಳೆಗಾರರ ಸಂಘದ ಪ್ರಯೋಗಾಲಯದಲ್ಲಿ ಹ್ಯೂಗೋ ಕೊರ್ಟ್‌ಶಾಕ್, ಕಾನ್‌ಸ್ಟನ್ಸ್ ಹಾರ್ಟ್, ಜಾರ್ಜ್ ಬರ್ ಎಂಬುವರು ಕಬ್ಬಿನ ಎಲೆಯಲ್ಲಿ ಇದೇ ಪರೀಕ್ಷೆ ಮಾಡಿದಾಗ ಬೇರೆಯೇ ಫಲಿತಾಂಶ ಬಂತು. ಮೊದಲು ಕಾಣಿಸಿಕೊಂಡದ್ದು ಮೂರರದಲ್ಲ, ನಾಲ್ಕು ಇಂಗಾಲದ ಆಮ್ಲ. ರಷ್ಯದಲ್ಲಿ ಯೂರಿ ಕಾರ್ಪಿಲೋವ್ 1960ರಲ್ಲಿ ಮೆಕ್ಕೆಜೋಳದಲ್ಲಿಯೂ ಹೀಗೇ ಕಂಡಿದ್ದರು. ಹವಾಯಿಯವರ ವಿವರವಾದ ವರದಿ ಪ್ರಕಟವಾದದ್ದು 1965ರಲ್ಲಿ. ಅದನ್ನು ಓದಿದ ಆಸ್ಟ್ರೇಲಿಯದ ಹಾಲ್ ಹ್ಯಾಚ್ ಮತ್ತು ರೋಜರ್ ಸ್ಲ್ಯಾಕ್ ಬ್ರಿಸ್ಬೇನಿನ ಸಕ್ಕರೆ ಉದ್ಯಮದ ಪ್ರಯೋಗಾಲಯದಲ್ಲಿ ಕುಳಿತು 1966ರಿಂದ ಒಂದೊಂದೇ ಹೆಜ್ಜೆ ಬಿಡಿಸಿಟ್ಟರು. ಪಿ.ಯು.ಸಿ. ಪುಸ್ತಕದಲ್ಲಿ ಬರುವ 'ಹ್ಯಾಚ್-ಸ್ಲ್ಯಾಕ್ ಮಾರ್ಗ' ಇದೇ. ಮೊದಲು ಮೂರು ಇಂಗಾಲದ ಆಮ್ಲ ತಯಾರಿಸುವ ಗಿಡ ಸಿ-3, ನಾಲ್ಕರದ್ದು ಸಿ-4.

ಇನ್ನೊಂದು ಸ್ವಾರಸ್ಯವಿದೆ. ಇಂಥ ಎಲೆಗಳ ರಚನೆಯೇ ಬೇರೆ ಎಂಬುದನ್ನು ಆಸ್ಟ್ರಿಯದ ಹಾಬರ್‌ಲಾಂಟ್ ಎಂಬ ಸಸ್ಯಶಾಸ್ತ್ರಜ್ಞ 1884ರಲ್ಲಿಯೇ ಸೂಕ್ಷ್ಮದರ್ಶಕದಲ್ಲಿ ನೋಡಿ ವರ್ಣಿಸಿದ್ದ. ನಾಳದ ಸುತ್ತ ಹಾರ ಹಾಕಿದಂತೆ ದೊಡ್ಡ ಜೀವಕೋಶಗಳ ಒಂದು ಸುತ್ತು. ಜರ್ಮನ್ ಭಾಷೆಯಲ್ಲಿ ಹಾರಕ್ಕೆ 'ಕ್ರಾಂಜ್' ಎನ್ನುತ್ತಾರೆ. ಆ ಹೆಸರೇ ಉಳಿಯಿತು. ಅದರ ಉಪಯೋಗ ತಿಳಿಯಲು ಮಾತ್ರ ಎಂಬತ್ತು ವರ್ಷ ಬೇಕಾಯಿತು.

ಹೊರಕೋಣೆ, ಒಳಕೋಣೆ

ಭತ್ತದ ಎಲೆಯಲ್ಲಿ ಇಂಗಾಲದ ಡೈ ಆಕ್ಸೈಡ್ ಹಿಡಿಯುವುದು, ಸಕ್ಕರೆ ಮಾಡುವುದು ಎರಡೂ ಒಂದೇ ಜೀವಕೋಶದಲ್ಲಿ ನಡೆಯುತ್ತವೆ. ರಾಗಿ ಎಲೆಯಲ್ಲಿ ಕೆಲಸ ಹಂಚಿಕೆಯಾಗಿದೆ. ಹೊರಗಿನ ಜೀವಕೋಶಗಳಲ್ಲಿ ಪೆಪ್ ಕಾರ್ಬಾಕ್ಸಿಲೇಸ್ ಎಂಬ ಬೇರೊಂದು ಕಿಣ್ವವಿದೆ. ಅದು ಆಮ್ಲಜನಕದಿಂದ ಮೋಸ ಹೋಗುವುದಿಲ್ಲ, ಚುರುಕೂ ಹೌದು. ಅದು ಇಂಗಾಲವನ್ನು ಹಿಡಿದು ನಾಲ್ಕು ಇಂಗಾಲದ ಆಮ್ಲವಾಗಿಸಿ ನಾಳದ ಸುತ್ತಲಿನ ಒಳಕೋಣೆಗೆ ಕಳಿಸುತ್ತದೆ. ಒಳಕೋಣೆಯಲ್ಲಿ ಆ ಆಮ್ಲ ಒಡೆದು ಇಂಗಾಲದ ಡೈ ಆಕ್ಸೈಡ್ ಬಿಡುಗಡೆಯಾಗುತ್ತದೆ. ಉಳಿದ ಮೂರು ಇಂಗಾಲದ ತುಣುಕು ಮತ್ತೆ ಹೊರಕೋಣೆಗೆ ಹಿಂದಿರುಗುತ್ತದೆ. ಹಾಲಿನ ಡೇರಿಗೆ ಕ್ಯಾನು ತುಂಬಿಕೊಂಡು ಹೋಗಿ, ಸುರಿದು, ಖಾಲಿ ಕ್ಯಾನು ವಾಪಸ್ಸು ತರುವಂತೆ.

ಒಳಕೋಣೆಯಲ್ಲಿ ಕಾದಿರುವುದು ಅದೇ ಹಳೆಯ ರುಬಿಸ್ಕೋ. ಆದರೆ ಅಲ್ಲಿ ಇಂಗಾಲದ ಡೈ ಆಕ್ಸೈಡಿನ ಸಾಂದ್ರತೆ ಹೊರಗಿಗಿಂತ ಹತ್ತುಪಟ್ಟಿನಷ್ಟಿರುತ್ತದೆ. ಸುತ್ತಲೂ ಬೇಕಾದ ವಸ್ತುವೇ ತುಂಬಿರುವಾಗ ಗೊಂದಲಕ್ಕೆ ಅವಕಾಶವೇ ಇಲ್ಲ. ಗಮನಿಸಿ, ಸಿ-4 ಗಿಡ ಹಳೆಯ ಕಿಣ್ವವನ್ನು ಬದಲಿಸಲಿಲ್ಲ. ಅದು ಹುಟ್ಟಿದ ಕಾಲದ ವಾತಾವರಣವನ್ನೇ ಎಲೆಯ ಒಳಗೊಂದು ಕೋಣೆ ಕಟ್ಟಿ ಮತ್ತೆ ಒದಗಿಸಿತು.

ಇದರಿಂದ ಗಿಡಕ್ಕೆ ಮೂರು ಲಾಭ. ಬಿಸಿಯಲ್ಲಿ ನಷ್ಟವಿಲ್ಲ. ರುಬಿಸ್ಕೋ ಕಡಿಮೆ ಸಾಕಾಗುವುದರಿಂದ ಸಾರಜನಕದ ಉಳಿತಾಯ. ಮೂರನೆಯದು ನಮ್ಮ ಸೀಮೆಗೆ ಬಹಳ ಮುಖ್ಯವಾದದ್ದು, ನೀರಿನ ಉಳಿತಾಯ. ಇಂಗಾಲದ ಡೈ ಆಕ್ಸೈಡ್ ಒಳಬರಲು ಎಲೆ ತನ್ನ ಪತ್ರರಂಧ್ರಗಳನ್ನು ತೆರೆಯಬೇಕು. ತೆರೆದರೆ ನೀರಾವಿ ಹೊರಹೋಗುತ್ತದೆ. ಸಿ-4 ಗಿಡಕ್ಕೆ ಬಾಗಿಲು ಸ್ವಲ್ಪವೇ ತೆರೆದರೂ ಸಾಕು. ಒಂದು ಗ್ರಾಮ್ ಒಣ ಪದಾರ್ಥ ಬೆಳೆಸಲು ಸಿ-3 ಗಿಡ ಸಾಮಾನ್ಯವಾಗಿ 450ರಿಂದ 950 ಗ್ರಾಮ್ ನೀರನ್ನು ಎಲೆಯ ಮೂಲಕ ಆವಿ ಮಾಡಿದರೆ, ಸಿ-4 ಗಿಡಕ್ಕೆ 250ರಿಂದ 350 ಗ್ರಾಮ್ ಸಾಕು ಎಂದು ಪಠ್ಯಪುಸ್ತಕಗಳು ಲೆಕ್ಕ ಕೊಡುತ್ತವೆ.

ಹಾಗಾದರೆ ಎಲ್ಲ ಗಿಡಗಳೂ ಸಿ-4 ಏಕಾಗಲಿಲ್ಲ? ಕ್ಯಾನು ಹೊತ್ತು ತಿರುಗಲು ಕೂಲಿ ಕೊಡಬೇಕಲ್ಲ! ಒಂದು ಗ್ಲೂಕೋಸ್ ಅಣುವಿಗೆ ಸಿ-3 ಗಿಡ 18 ಎ.ಟಿ.ಪಿ. ಖರ್ಚು ಮಾಡಿದರೆ ಸಿ-4 ಗಿಡ 30 ಖರ್ಚು ಮಾಡುತ್ತದೆ. ಬಿಸಿಲು ಧಾರಾಳವಾಗಿರುವ ಕಡೆ ಈ ಖರ್ಚು ಭಾರವಲ್ಲ. ನೆರಳಿನಲ್ಲಿ, ಚಳಿಯಲ್ಲಿ ಅದು ನಷ್ಟದ ವ್ಯಾಪಾರ. ಆದ್ದರಿಂದಲೇ ಕಾಡಿನ ನೆರಳಿನ ಬಿದಿರು, ಚಳಿಗಾಲದ ಗೋಧಿ ಮತ್ತು ಬಾರ್ಲಿ ಹುಲ್ಲಿನ ಜಾತಿಯವಾದರೂ ಸಿ-3 ಆಗಿಯೇ ಉಳಿದಿವೆ.

ಯಾವಾಗ ಶುರುವಾಯಿತು?

ಹುಲ್ಲು ಬಹಳ ಹಳೆಯ ಗಿಡ. ಮಹಾರಾಷ್ಟ್ರದ ಪಿಸ್ಡೂರ ಎಂಬಲ್ಲಿ ಸಿಕ್ಕ ಡೈನೋಸಾರುಗಳ ಕಲ್ಲಾದ ಲದ್ದಿಯನ್ನು ಲಕ್ನೋದ ಬೀರಬಲ್ ಸಾಹ್ನಿ ಸಂಸ್ಥೆಯ ವಂದನಾ ಪ್ರಸಾದ್ ಮತ್ತು ಸಂಗಡಿಗರು ಪರೀಕ್ಷಿಸಿ, ಅದರಲ್ಲಿ ಹುಲ್ಲಿನ ಎಲೆಯ ಸೂಕ್ಷ್ಮ ಮರಳುಕಣಗಳಿರುವುದನ್ನು 2005ರಲ್ಲಿ ತೋರಿಸಿದರು. ಅಂದರೆ ಆರೂವರೆ ಕೋಟಿ ವರ್ಷಗಳಿಗೂ ಹಿಂದೆಯೇ ನಮ್ಮ ದಖನ್ನಿನ ನೆಲದಲ್ಲಿ ಹುಲ್ಲಿತ್ತು. ಆದರೆ ಆಗ ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಇಂದಿಗಿಂತ ಹೆಚ್ಚಾಗಿತ್ತು. ಸಿ-3 ರೀತಿಯೇ ಸಾಕಾಗಿತ್ತು.

ಸುಮಾರು 3 ಕೋಟಿ ವರ್ಷಗಳ ಹಿಂದೆ ಭೂಮಿ ತಂಪಾಗತೊಡಗಿ, ಗಾಳಿಯ ಇಂಗಾಲದ ಡೈ ಆಕ್ಸೈಡ್ ಇಳಿಯಿತು. ಬಿಸಿ ಸೀಮೆಯ, ಬಯಲಿನ ಹುಲ್ಲುಗಳಿಗೆ ರುಬಿಸ್ಕೋದ ಕೊರತೆ ತಟ್ಟಿದ್ದು ಆಗ. ಹುಲ್ಲಿನ ವಂಶವೃಕ್ಷವನ್ನು ಡಿ.ಎನ್.ಎ. ಆಧಾರದಿಂದ ಬರೆದ ವಿಜ್ಞಾನಿಗಳ ಲೆಕ್ಕದಲ್ಲಿ ಅತಿ ಹಳೆಯ ಸಿ-4 ಹುಲ್ಲುಗಳು ಹುಟ್ಟಿದ್ದು ಈ ಅವಧಿಯಲ್ಲಿ, ಕ್ಲೋರಿಡಾಯ್ಡಿ ಎಂಬ ಉಪಕುಟುಂಬದಲ್ಲಿ. ಆ ಉಪಕುಟುಂಬದ ಸದಸ್ಯರು ಯಾರು ಗೊತ್ತೇ? ಒಂದು, ಗಣಪತಿಗೆ ಏರಿಸುವ ಗರಿಕೆ. ಇನ್ನೊಂದು, ನಮ್ಮ ರಾಗಿ!

ಹುಟ್ಟಿದ ಕೂಡಲೇ ಈ ಹುಲ್ಲುಗಳು ಲೋಕವನ್ನು ಆವರಿಸಲಿಲ್ಲ. ಎರಡು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಅಲ್ಲಲ್ಲಿ ಮೂಲೆ ಹಿಡಿದಿದ್ದವು. 80ರಿಂದ 60 ಲಕ್ಷ ವರ್ಷಗಳ ಹಿಂದೆ ಆಫ್ರಿಕ, ಏಷ್ಯ, ಅಮೆರಿಕ ಖಂಡಗಳಲ್ಲಿ ಒಣ ಹವೆ, ಕಾಳ್ಗಿಚ್ಚು, ಮಳೆಗಾಲ-ಬೇಸಗೆಗಳ ಏರುಪೇರು ಹೆಚ್ಚಾಗಿ, ಕಾಡು ಹಿಂದೆ ಸರಿದು ಹುಲ್ಲುಗಾವಲು ಹರಡಿತು. ಆ ಹುಲ್ಲುಗಾವಲಿನ ಒಡೆಯರು ಸಿ-4 ಹುಲ್ಲುಗಳು. ಇಂದು ಹೂಬಿಡುವ ಗಿಡಗಳ ಜಾತಿಗಳಲ್ಲಿ ಸಿ-4 ಇರುವುದು ನೂರಕ್ಕೆ ಮೂರು ಮಾತ್ರ. ಆದರೆ ನೆಲದ ಮೇಲಿನ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಕಾಲುಭಾಗದಷ್ಟು ಅವುಗಳದ್ದೇ.

ಒಮ್ಮೆಯಲ್ಲ, ಇಪ್ಪತ್ತಕ್ಕೂ ಹೆಚ್ಚು ಸಲ

ಈ ಕಥೆಯ ಅತ್ಯಂತ ಬೆರಗಿನ ಭಾಗ ಇದು. ಇಷ್ಟು ಜಟಿಲವಾದ ಏರ್ಪಾಡು ಎಲ್ಲೋ ಒಮ್ಮೆ ಹುಟ್ಟಿ, ಅದರ ಸಂತಾನವೇ ಎಲ್ಲೆಡೆ ಹರಡಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಹಾಗಾಗಿಲ್ಲ. ಹುಲ್ಲಿನ ಕುಟುಂಬವೊಂದರಲ್ಲಿಯೇ ಅದು ಇಪ್ಪತ್ತಕ್ಕೂ ಹೆಚ್ಚು ಸಲ ಬೇರೆ ಬೇರೆಯಾಗಿ ಹುಟ್ಟಿದೆ. ಎಲ್ಲ ಹೂಗಿಡಗಳನ್ನು ಸೇರಿಸಿದರೆ ಅರವತ್ತಕ್ಕೂ ಹೆಚ್ಚು ಸಲ. ನಮ್ಮ ಹಿತ್ತಿಲ ದಂಟಿನ ಸೊಪ್ಪು ಹುಲ್ಲಲ್ಲ, ಆದರೂ ಸಿ-4.

ಸಿರಿಧಾನ್ಯ ಮಾರುವ ಅಂಗಡಿಯ ಮುಂದೆ ನಿಂತು ನೋಡಿ. ರಾಗಿಯದು ಒಂದು ಹುಟ್ಟು. ಜೋಳ, ಮೆಕ್ಕೆಜೋಳ, ಕಬ್ಬು ಒಂದೇ ವಂಶದವು, ಅವುಗಳದು ಎರಡನೆಯ ಹುಟ್ಟು. ನವಣೆ, ಸಜ್ಜೆ, ಬರಗು, ಸಾಮೆ, ಕೊರಲೆ ಹತ್ತಿರದ ಬಳಗ, ಅವುಗಳದು ಮೂರನೆಯದು. ಹಾರಕದ್ದು ಬೇರೆ, ಊದಲಿನದು ಮತ್ತೂ ಬೇರೆ. ಪಕ್ಕಪಕ್ಕದ ಚೀಲಗಳಲ್ಲಿ ಕಾಳಾಗಿ ಕುಳಿತಿರುವ ಇವು ಒಂದೇ ಲೆಕ್ಕಕ್ಕೆ ಐದು ಬಾರಿ ಸ್ವತಂತ್ರವಾಗಿ ಕಂಡುಕೊಂಡ ಉತ್ತರಗಳು!

ನಕಲು ಹೊಡೆದಿಲ್ಲ ಎಂಬುದಕ್ಕೆ ಸಾಕ್ಷಿ ವಿವರಗಳಲ್ಲಿದೆ. ಐವರು ವಿದ್ಯಾರ್ಥಿಗಳ ಉತ್ತರ ಒಂದೇ ಆಗಿದ್ದು, ಬಿಡಿಸಿದ ಕ್ರಮ ಬೇರೆ ಬೇರೆಯಾಗಿದ್ದರೆ ಅವರವರೇ ಬರೆದದ್ದು ಎಂದು ಮೇಷ್ಟ್ರಿಗೆ ತಿಳಿಯುವುದಿಲ್ಲವೆ? ಹಾಗೆಯೇ ಇಲ್ಲಿ. ಕಬ್ಬು, ಜೋಳ, ಮೆಕ್ಕೆಜೋಳಗಳಲ್ಲಿ ಒಳಕೋಣೆಗೆ ಸಾಗುವ ಮುಖ್ಯ ಸರಕು ಮ್ಯಾಲಿಕ್ ಆಮ್ಲ, ಅದು ಒಡೆಯುವುದು ಹರಿದ್ರೇಣುವಿನಲ್ಲಿ, ಅಂದರೆ ಕ್ಲೋರೋಪ್ಲಾಸ್ಟಿನಲ್ಲಿ. ರಾಗಿ, ಗರಿಕೆ, ಬರಗುಗಳಲ್ಲಿ ಮುಖ್ಯ ಸರಕು ಆಸ್ಪಾರ್ಟಿಕ್ ಆಮ್ಲ, ಇಂಗಾಲದ ಬಿಡುಗಡೆ ಮೈಟೋಕಾಂಡ್ರಿಯದಲ್ಲಿ. ದನಗಳಿಗೆ ಹಾಕುವ ಗಿನಿ ಹುಲ್ಲಿನಲ್ಲಿ ಮುಖ್ಯ ಪಾತ್ರ ಮೂರನೆಯ ಒಂದು ಕಿಣ್ವದ್ದು.

ಒಂದೇ ಹಾರಿಗೆ ಇಷ್ಟು ದೂರ ದಾಟುವುದು ಸಾಧ್ಯವೇ ಎಂದು ಕೇಳಬಹುದು. ಹಾರಿಲ್ಲ, ನಡೆದಿವೆ. ಬೇಕಾದ ಕಿಣ್ವಗಳಲ್ಲಿ ಒಂದೂ ಹೊಸದಲ್ಲ. ಪೆಪ್ ಕಾರ್ಬಾಕ್ಸಿಲೇಸ್ ಭತ್ತದಲ್ಲಿಯೂ ಇದೆ, ಸಣ್ಣಪುಟ್ಟ ಕೆಲಸ ಮಾಡಿಕೊಂಡು. ಗಿಡಗಳಲ್ಲಿ ಒಂದು ಜೀನು ಎರಡಾಗುವುದು ಮಾಮೂಲು. ಒಂದು ಪ್ರತಿ ಹಳೆಯ ಕೆಲಸ ನೋಡಿಕೊಂಡರೆ ಇನ್ನೊಂದಕ್ಕೆ ಹೊಸ ಕೆಲಸ ಕಲಿಯಲು ಬಿಡುವಿರುತ್ತದೆ. ಮೊದಲು ಎಲೆಯ ನಾಳಗಳು ಹತ್ತಿರ ಹತ್ತಿರ ಬಂದವು, ಒಣ ಹವೆಯಲ್ಲಿ ನೀರು ಹಂಚಲು ಅದರಿಂದ ಅನುಕೂಲ. ನಾಳದ ಸುತ್ತಲ ಕೋಶಗಳು ದೊಡ್ಡವಾದವು. ಆಮೇಲೆ ದ್ಯುತಿಉಸಿರಾಟದಲ್ಲಿ ಇಂಗಾಲ ಬಿಡುಗಡೆಯಾಗುವ ಹೆಜ್ಜೆ ಆ ಒಳಕೋಶಗಳಿಗೆ ಸೀಮಿತವಾಯಿತು. ಹೊರಹೋಗಬೇಕಾದ ಇಂಗಾಲ ಒಳಗೇ ಸಿಕ್ಕಿಬಿದ್ದು ಮತ್ತೆ ಬಳಕೆಯಾಯಿತು. ಕೊನೆಗೆ ಪೆಪ್ ಕಾರ್ಬಾಕ್ಸಿಲೇಸ್ ಹೆಚ್ಚಿ, ರುಬಿಸ್ಕೋ ಒಳಕೋಣೆಗೆ ಸೇರಿಕೊಂಡಿತು. ಪ್ರತಿ ಹೆಜ್ಜೆಯಲ್ಲೂ ಗಿಡಕ್ಕೆ ಅಷ್ಟಿಷ್ಟು ಲಾಭವಿತ್ತು ಎಂಬುದೇ ಮುಖ್ಯ. ಮಧ್ಯದ ಮೆಟ್ಟಿಲುಗಳಲ್ಲಿ ನಿಂತ ಗಿಡಗಳು ಇಂದೂ ಇವೆ. ಅಲೋಟೆರೋಪ್ಸಿಸ್ ಸೆಮಿಯಲೇಟ ಎಂಬ ಹುಲ್ಲಿನ ಒಂದೇ ಜಾತಿಯಲ್ಲಿ ಆಫ್ರಿಕದ ಕೆಲವೆಡೆ ಸಿ-3 ಗಿಡಗಳೂ ಕೆಲವೆಡೆ ಸಿ-4 ಗಿಡಗಳೂ ಸಿಗುತ್ತವೆ.

ವಿಕಾಸವಾದವೆಂದರೆ ಮಂಗನಿಂದ ಮಾನವ ಎಂಬ ಒಂದು ಚಿತ್ರ ಮಾತ್ರ ನಮ್ಮ ಮಕ್ಕಳ ತಲೆಯಲ್ಲಿ ಕುಳಿತಿದೆ. 2023ರಲ್ಲಿ ಎನ್.ಸಿ.ಇ.ಆರ್.ಟಿ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟಿತು. ಹತ್ತರ ನಂತರ ವಿಜ್ಞಾನ ಬಿಡುವ ಮಕ್ಕಳು ಈ ವಿಷಯವನ್ನು ತರಗತಿಯಲ್ಲಿ ಓದುವ ಅವಕಾಶ ಇದರಿಂದ ತಪ್ಪಿತು. ಪುಸ್ತಕದಲ್ಲಿ ಇರಲಿ ಬಿಡಲಿ, ಪಾಠ ಹೊಲದಲ್ಲಿ ಇದ್ದೇ ಇದೆ. ತೋರಿಸುವವರು ಬೇಕು, ಅಷ್ಟೆ.

ಇಂಗಾಲದ ಗುರುತು

ಲಕ್ಷಾಂತರ ವರ್ಷಗಳ ಹಿಂದೆ ಇದ್ದ ಹುಲ್ಲು ಸಿ-3 ಆಗಿತ್ತೋ ಸಿ-4 ಆಗಿತ್ತೋ ಹೇಗೆ ಹೇಳುತ್ತಾರೆ? ಗಾಳಿಯ ಇಂಗಾಲದಲ್ಲಿ ನೂರಕ್ಕೆ ಒಂದರಷ್ಟು ತುಸು ಭಾರದ ಇಂಗಾಲ-13 ಇರುತ್ತದೆ. ರುಬಿಸ್ಕೋ ಭಾರದ ಇಂಗಾಲವನ್ನು ಆದಷ್ಟು ಬಿಟ್ಟು ಹಗುರವಾದದ್ದನ್ನೇ ಹಿಡಿಯುತ್ತದೆ. ಪೆಪ್ ಕಾರ್ಬಾಕ್ಸಿಲೇಸಿಗೆ ಈ ಭೇದ ಕಡಿಮೆ. ಆದ್ದರಿಂದ ಸಿ-4 ಗಿಡದಲ್ಲಿ ಇಂಗಾಲ-13 ಸ್ವಲ್ಪ ಹೆಚ್ಚು. ಈ ಗುರುತು ಗಿಡ ಸತ್ತರೂ ಅಳಿಯುವುದಿಲ್ಲ. ಮಣ್ಣಿಗೆ, ತಿಂದ ಪ್ರಾಣಿಯ ಹಲ್ಲಿಗೆ, ಮೂಳೆಗೆ, ಹಾಲಿಗೆ ಸಾಗುತ್ತದೆ. 1989ರಲ್ಲಿ ಜೇ ಕ್ವೇಡ್, ಥೂರೆ ಸರ್ಲಿಂಗ್ ಮುಂತಾದವರು ಪಾಕಿಸ್ತಾನದ ಶಿವಾಲಿಕ್ ಬೆಟ್ಟಗಳ ಹಳೆಯ ಮಣ್ಣನ್ನು ಪರೀಕ್ಷಿಸಿ, ಸುಮಾರು 70 ಲಕ್ಷ ವರ್ಷಗಳ ಹಿಂದೆ ಅಲ್ಲಿ ಸಿ-4 ಹುಲ್ಲುಗಾವಲು ಬಂದದ್ದನ್ನು ಹೀಗೆಯೇ ಕಂಡುಹಿಡಿದರು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗು ನೆಲದ ಮಣ್ಣಿನಲ್ಲಿ ಇದೇ ಗುರುತನ್ನು ಓದಿದರು. 1993ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಸುಮಾರು 20 ಸಾವಿರ ವರ್ಷಗಳ ಹಿಂದೆ, ಹಿಮಯುಗ ಉತ್ತುಂಗದಲ್ಲಿದ್ದು ಮುಂಗಾರು ದುರ್ಬಲವಾಗಿದ್ದಾಗ ಅಲ್ಲಿ ಸಿ-4 ಹುಲ್ಲು ಹೆಚ್ಚಿತ್ತು. ಹಿಮಯುಗ ಮುಗಿದು ಮಳೆ ಬಲಗೊಂಡಾಗ ಸಿ-3 ಗಿಡಗಳು ಹೆಚ್ಚಿದವು. ಮಳೆಯ ಚರಿತ್ರೆಯನ್ನು ಹುಲ್ಲು ಬರೆದಿಟ್ಟಿತ್ತು ಎನ್ನಬಹುದು.

ಮನೆಯವರಿಗೆ ಉಪಯೋಗವಾಗುವ ಸಂಗತಿಯೂ ಇದರಲ್ಲಿದೆ. ಜೇನು ಹುಳ ಮಕರಂದ ತರುವ ಗಿಡಗಳಲ್ಲಿ ಹೆಚ್ಚಿನವು ಸಿ-3. ಕಬ್ಬು ಸಿ-4. ಜೇನುತುಪ್ಪಕ್ಕೆ ಕಬ್ಬಿನ ಸಕ್ಕರೆ ಪಾಕ ಬೆರೆಸಿದರೆ ಇಂಗಾಲದ ಗುರುತಿನಿಂದ ಪ್ರಯೋಗಾಲಯದಲ್ಲಿ ಸಿಕ್ಕಿಬೀಳುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳಲ್ಲಿಯೂ ಜೇನಿಗೆ ಈ 'ಸಿ-4 ಸಕ್ಕರೆ' ಪರೀಕ್ಷೆ ಇದೆ. ಆದರೆ ಕಲಬೆರಕೆ ಮಾಡುವವರು ಅಕ್ಕಿಯಿಂದ ತಯಾರಿಸಿದ ಪಾಕ ಬೆರೆಸಿದರೆ? ಆ ಪರೀಕ್ಷೆ ಅದನ್ನು ಹಿಡಿಯುವುದಿಲ್ಲ, ಬೇರೆ ಪರೀಕ್ಷೆಗಳು ಬೇಕು. ಏಕೆಂದು ವಿದ್ಯಾರ್ಥಿಗಳು ಈಗ ತಾವೇ ಹೇಳಬಲ್ಲರು.

ನಾಳೆಯ ಲೆಕ್ಕ

ಕೈಗಾರಿಕೆಗಳು ಬರುವ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ 280 ಭಾಗ ಇದ್ದ ಇಂಗಾಲದ ಡೈ ಆಕ್ಸೈಡ್ ಈಗ 420ನ್ನು ದಾಟಿದೆ. ಅದು ಕಡಿಮೆಯಾದಾಗ ಹುಟ್ಟಿದ ಸಿ-4 ಹುಲ್ಲುಗಳಿಗೆ ಅದು ಹೆಚ್ಚಾದಾಗ ಏನಾಗುತ್ತದೆ? ಲಾಭ ಭತ್ತ, ಗೋಧಿಗಳಿಗೆ ಎಂಬುದು ಪುಸ್ತಕದ ಉತ್ತರ. ಆದರೆ ಅಮೆರಿಕದ ಮಿನೆಸೋಟದಲ್ಲಿ ಇಪ್ಪತ್ತು ವರ್ಷ ನಡೆದ ಹುಲ್ಲುಗಾವಲಿನ ಪ್ರಯೋಗವೊಂದರ ಫಲಿತಾಂಶ 2018ರಲ್ಲಿ ಬಂದಾಗ ಎಲ್ಲರೂ ಬೆರಗಾದರು. ಮೊದಲ ಹನ್ನೆರಡು ವರ್ಷ ಹೆಚ್ಚು ಬೆಳೆದದ್ದು ಸಿ-3 ಹುಲ್ಲು. ಆಮೇಲಿನ ಎಂಟು ವರ್ಷ ಲೆಕ್ಕ ತಿರುಗಿ, ಸಿ-4 ಹುಲ್ಲು ಮುಂದೆ ಹೋಯಿತು. ಅದೂ ಅಲ್ಲದೆ ಗಾಳಿ ಬದಲಾಗುವಾಗ ಬಿಸಿಯೂ ಏರುತ್ತದೆ, ಮಳೆಯ ಕ್ರಮವೂ ತಪ್ಪುತ್ತದೆ. ಬಿಸಿಗೂ ನೀರಿನ ಕೊರತೆಗೂ ಒಗ್ಗಿದ ಗಿಡವನ್ನು ಕೈಬಿಡುವ ಕಾಲ ಇದಲ್ಲ.

ಭತ್ತವನ್ನೇ ಸಿ-4 ಮಾಡಿದರೆ ಹೇಗೆ ಎಂಬ ಯೋಚನೆಯೂ ನಡೆದಿದೆ. ಫಿಲಿಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಮುಂದಾಳುತನದಲ್ಲಿ 2008ರಲ್ಲಿ ಒಂದು ದೊಡ್ಡ ಯೋಜನೆ ಶುರುವಾಯಿತು. ನಂತರ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದವರು ಅದನ್ನು ಮುನ್ನಡೆಸಿದರು. ನಿಸರ್ಗ ಇಪ್ಪತ್ತು ಸಲ ಮಾಡಿದ್ದನ್ನು ಮನುಷ್ಯ ಒಮ್ಮೆ ಮಾಡಲು ಒದ್ದಾಡುತ್ತಿದ್ದಾನೆ. ರೈತನ ಗದ್ದೆಗೆ ಇಳಿಯುವಂಥ ಸಿ-4 ಭತ್ತ ಇನ್ನೂ ಬಂದಿಲ್ಲ. ನಮ್ಮಲ್ಲಿರುವ ರಾಗಿ ಮಾತ್ರ ತಯಾರಾಗಿಯೇ ಇದೆ. ಪೂರ್ವ ಆಫ್ರಿಕದಲ್ಲಿ ಪಳಗಿ ಸಾವಿರಾರು ವರ್ಷಗಳ ಹಿಂದೆ ನಮ್ಮ ನಾಡಿಗೆ ಬಂದ ಬೆಳೆ ಇದು. ಭಾರತ ಮತ್ತು ಆಫ್ರಿಕದ ರಾಗಿಗಳನ್ನು ಸಂಕರ ಮಾಡಿ 'ಇಂಡಾಫ್' ತಳಿಗಳನ್ನು ಕೊಟ್ಟವರು ಮಂಡ್ಯದಲ್ಲಿ ದುಡಿದ 'ರಾಗಿ ಲಕ್ಷ್ಮಣಯ್ಯ'ನವರು. ದೇವನಹಳ್ಳಿಯಿಂದ ಒಂದು ಗಂಟೆಯ ದಾರಿಯಲ್ಲಿರುವ ಜಿ.ಕೆ.ವಿ.ಕೆ.ಯಲ್ಲಿ ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು ಎಂ.ಎಲ್.-365 ಎಂಬ ರಾಗಿ ತಳಿಯ ಇಡೀ ಜೀನುಗಳ ನಕ್ಷೆಯನ್ನು 2017ರಲ್ಲಿ ಪ್ರಕಟಿಸಿದರು. ಅದರಲ್ಲಿ ಸುಮಾರು 85 ಸಾವಿರ ಜೀನುಗಳು. ಈ ಎರಡು ಕೋಣೆಯ ಎಲೆಯ ರಹಸ್ಯವೂ ಅದರಲ್ಲಿದೆ.

2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ತಾಲ್ಲೂಕಿನ ಹೊಲಗಳು ಬೇರೆ ಬೇರೆ ಉಪಯೋಗಕ್ಕೆ ಹೋಗಿವೆ. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ಭೂಸ್ವಾಧೀನವನ್ನು ಕೈಬಿಡುವುದಾಗಿ 2025ರ ಜುಲೈನಲ್ಲಿ ಮುಖ್ಯಮಂತ್ರಿಗಳು ಘೋಷಿಸುವವರೆಗೆ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತಿದ್ದರು. ನೆಲ ಯಾರಿಗೆ, ಯಾವುದಕ್ಕೆ ಎಂಬುದನ್ನು ದೊಡ್ಡವರು ತೀರ್ಮಾನಿಸುತ್ತಾರೆ. ಆದರೆ ಆ ನೆಲದ ಮೇಲೆ ಏನು ನಿಂತಿದೆ ಎಂಬುದು ಮಕ್ಕಳಿಗೂ ತಿಳಿದಿರಬೇಕು. 'ಓದದಿದ್ದರೆ ರಾಗಿ ಹೊಲ ಕಾಯಲು ಹೋಗು' ಎಂದು ಮಕ್ಕಳನ್ನು ಬೈಯುವ ತಂದೆ ತಾಯಂದಿರು ಈಗಲೂ ಇದ್ದಾರೆ. ಓದಿದವರಿಗೇ ಆ ಹೊಲದಲ್ಲಿ ಕಲಿಯಲು ಹೆಚ್ಚು ಇದೆ ಎಂಬುದು ನನ್ನ ಅಭಿಪ್ರಾಯ.

ನೀವೇ ಮಾಡಿ ನೋಡಿ

* ಒಂದು ರಾಗಿ ಎಲೆ, ಒಂದು ಭತ್ತದ ಎಲೆ ತನ್ನಿ. ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ಉದ್ದಗೆರೆಗಳನ್ನು, ಅಂದರೆ ನಾಳಗಳನ್ನು ನೋಡಿ. ಸಿ-4 ಹುಲ್ಲಿನಲ್ಲಿ ಎರಡು ನಾಳಗಳ ನಡುವೆ ಸಾಮಾನ್ಯವಾಗಿ ಎರಡೇ ಹೊರಕೋಶಗಳಿರುತ್ತವೆ, ಹಾಗಾಗಿ ನಾಳಗಳು ಒತ್ತೊತ್ತಾಗಿರುತ್ತವೆ. ಭತ್ತದಲ್ಲಿ ಅಂತರ ಹೆಚ್ಚು. ಒಂದೇ ಅಗಲದಲ್ಲಿ ಎಷ್ಟು ಗೆರೆ ಇವೆ ಎಂದು ಎಣಿಸಿ ಬರೆಯಿರಿ.

* ಶಾಲೆಯಲ್ಲಿ ಸೂಕ್ಷ್ಮದರ್ಶಕವಿದ್ದರೆ ಮೆಕ್ಕೆಜೋಳದ ಎಲೆಯನ್ನು ಬ್ಲೇಡಿನಿಂದ ಅಡ್ಡಲಾಗಿ ಬಹಳ ತೆಳುವಾಗಿ ಕೊಯ್ದು, ನೀರಿನ ಹನಿಯಲ್ಲಿಟ್ಟು ನೋಡಿ. ನಾಳದ ಸುತ್ತ ಹಸಿರು ಹಾರ ಕಾಣುತ್ತದೆ. ಕೊಯ್ಯುವಾಗ ದೊಡ್ಡವರು ಜೊತೆಯಲ್ಲಿರಲಿ.

* ರಾಗಿ ಹೊಲದ ಅಕ್ಕಡಿ ಸಾಲುಗಳಲ್ಲಿರುವ ಗಿಡಗಳ ಪಟ್ಟಿ ಮಾಡಿ. ಜೋಳ ಸಿ-4. ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಸಿ-3. ಅವರೆ, ತೊಗರಿ ಬೇರನ್ನು ಆಳಕ್ಕಿಳಿಸಿ ಬರವನ್ನು ಎದುರಿಸುತ್ತವೆ, ರಾಗಿ ಎಲೆಯಿಂದ ಎದುರಿಸುತ್ತದೆ. ಒಂದೇ ಹೊಲದಲ್ಲಿ ಎರಡು ಉಪಾಯ! ಈ ಸಾಲುಗಳನ್ನು ಬಿತ್ತಿದ ಹಿರಿಯರನ್ನು ಹೀಗೇಕೆ ಬಿತ್ತಿದಿರಿ ಎಂದು ಕೇಳಿ, ಅವರು ಹೇಳಿದ್ದನ್ನೂ ಬರೆದಿಟ್ಟುಕೊಳ್ಳಿ.

* 1969ರಲ್ಲಿ ಅಮೆರಿಕದಲ್ಲಿ ಸೋಯಾ ಅವರೆಯನ್ನೂ ಮೆಕ್ಕೆಜೋಳವನ್ನೂ ಗಾಳಿಯಾಡದ ಒಂದೇ ಪೆಟ್ಟಿಗೆಯಲ್ಲಿಟ್ಟು ಸತತ ಬೆಳಕು ಕೊಟ್ಟರು. ಸೋಯಾ ಹಳದಿಯಾಗಿ ಸತ್ತಿತು, ಮೆಕ್ಕೆಜೋಳ ಬದುಕಿತು. ಏಕೆ? ಉತ್ತರ ಈ ಲೇಖನದಲ್ಲಿಯೇ ಇದೆ. ಹುಡುಕಿ, ಐದು ವಾಕ್ಯಗಳಲ್ಲಿ ಬರೆದು ನಿಮ್ಮ ಮೇಷ್ಟ್ರಿಗೆ ತೋರಿಸಿ.